306ನೇ ಮನೆ

ಪಾವಗಡದ ಕಡೆಯ ಆ ಊರಿನಲ್ಲಿ ಇದ್ದದ್ದು 312 ಮನೆ. ನಮಗೆ ಬೇಕಾಗಿದ್ದದ್ದು 24. ಹದಿಮೂರು ಮನೆಗೊಂದು ಎಂದು ಲೆಕ್ಕ ಹಾಕಿ, ಶುರುವಿನ ಮನೆಯನ್ನು ಚೀಟಿ ಎತ್ತಿ ಆರಿಸಿದ್ದೆವು. ಚೀಟಿಯಲ್ಲಿ ಬಂದದ್ದು 7. ಹಾಗಾಗಿ 7, 20, 33 ಎಂದು ಹೊರಟ ಪಟ್ಟಿ 306ಕ್ಕೆ ಹೋಗಿ ನಿಂತಿತ್ತು.

ಕೆಲಸ ಇಷ್ಟೇ. ಜಲ ಜೀವನ್ ಮಿಷನ್‌ನಲ್ಲಿ ಹಾಕಿಸಿದ ನಲ್ಲಿಗಳಲ್ಲಿ ನಿಜವಾಗಿ ಎಷ್ಟು ನೀರು ಬರುತ್ತಿದೆ ಅಂತ ನೋಡುವುದು. 2019ರಲ್ಲಿ ಶುರುವಾದ ಈ ಯೋಜನೆಯ ಅಳತೆಗೋಲು ಒಬ್ಬರಿಗೆ ದಿನಕ್ಕೆ 55 ಲೀಟರ್. ನಲ್ಲಿ ಇದೆಯೋ ಇಲ್ಲವೋ ಅನ್ನುವುದಕ್ಕೆ ನಾವು ಬೇಕಾಗಿಯೇ ಇರಲಿಲ್ಲ. ಇತ್ತು. ಪ್ರತಿ ಮನೆಯ ಮುಂದೆ ಸಿಮೆಂಟಿನ ಪುಟ್ಟ ಕಂಬಕ್ಕೆ ನಲ್ಲಿ, ಕಂಪ್ಯೂಟರಿನಲ್ಲಿ ಅದರ ಫೋಟೊ, ಎಲ್ಲಾ ಇತ್ತು.

24 ಮನೆಯನ್ನು ಇಬ್ಬರು ಹಂಚಿಕೊಂಡೆವು. ಪಟ್ಟಿಯಲ್ಲಿ ಬೆಸ ಸ್ಥಾನದವು ಜೊತೆಗೆ ಬಂದಿದ್ದ ಹುಡುಗಿಗೆ, ಸಮ ಸ್ಥಾನದವು ನನಗೆ. ಬೇಗ ಮುಗಿಯಲಿ ಅಂತ ಹಂಚಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಬಳಸಿದ ಉಪಾಯ ಅದು. ಒಂದೇ ಊರಿನ ಎರಡು ಮಾದರಿಯನ್ನು ಇಬ್ಬರ ಕೈಗೆ ಕೊಟ್ಟು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಸ್ವಲ್ಪ ಹೆಚ್ಚುಕಮ್ಮಿ ಸಹಜ. ತೀರಾ ಬೇರೆಯಾದರೆ ತಪ್ಪು ಊರಲ್ಲಿಲ್ಲ, ಕೇಳಿದವರಲ್ಲಿದೆ.

ಅವತ್ತು ಬೆಳಗ್ಗೆಯಿಂದಲೇ ಊರಲ್ಲೆಲ್ಲಾ ನೀರು ಬರುತ್ತಿತ್ತು. ನಾವು ಬರುವ ಸುದ್ದಿ ಹಿಂದಿನ ದಿನವೇ ತಲುಪಿತ್ತು, ಅದೂ ನಮ್ಮದೇ ಫೋನಿನಿಂದ. ನನಗೇನು, ಖುಷಿಯೇ ಆಯಿತು. 20ನೇ ಮನೆಯ ಜಗುಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು, ಕಾಫಿ ಬಂತು. ಯಜಮಾನರು ನಲ್ಲಿಯ ಕಡೆ ಕೈತೋರಿಸಿ, "ನೀವೇ ನೋಡಿ ಸಾ, ಚೆನ್ನಾಗ್ ಬತ್ತವೆ" ಅಂದರು. ನೋಡಿದೆ. ಚೆನ್ನಾಗಿಯೇ ಬರುತ್ತಿತ್ತು. 'ಸಾಕಾಗುತ್ತದೆ' ಅನ್ನುವ ಕಡೆ ಗುರುತು ಹಾಕಿದೆ. ಹೀಗೆ ಜಗುಲಿಯಿಂದ ಜಗುಲಿಗೆ ಸಾಗಿ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆ ಮುಗಿಸಿದೆ.

ಉಳಿದದ್ದು 306. ಊರಾಚೆ ದಿಬ್ಬದ ಮೇಲಿನ ಕೊನೆಯ ಸಾಲು. ನೆತ್ತಿ ಸುಡುವ ಬಿಸಿಲು. ಹೋದರೆ ಬಾಗಿಲಿಗೆ ಬೀಗ. ಬೀಗ ಇದ್ದರೆ ಮತ್ತೆ ಎರಡು ಸಲ ಬರಬೇಕು ಅಂತ ಸೂಚನೆಯ ಹಾಳೆಯಲ್ಲಿ ಬರೆದಿತ್ತು. ಪಕ್ಕದ ಮನೆಯಾತ ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಮಲಗಿದ್ದ. ಅವನನ್ನೇ ಎಬ್ಬಿಸಿ ಕೇಳಿದೆ. "ಬತ್ತವೆ, ಬತ್ತವೆ" ಅಂದು ಮಗ್ಗುಲು ಬದಲಿಸಿದ. ಅದನ್ನೇ 306ರ ಫಾರಂನಲ್ಲಿ ಬರೆದೆ. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಏನು ಮಹಾ ಅನಿಸಿತ್ತು.

ರಾತ್ರಿ ಲಾಡ್ಜಿನ ವರಾಂಡದಲ್ಲಿ ಫಾರಂಗಳನ್ನು ಹರವಿಕೊಂಡು ಕೂತೆವು. ಸಾಕಾಗುತ್ತದೆ ಅಂದವರು ನನ್ನ ಹನ್ನೆರಡರಲ್ಲಿ ಹನ್ನೊಂದು. ಅವಳ ಹನ್ನೆರಡರಲ್ಲಿ ನಾಲ್ಕು.

ಮೊದಲು ಅವಳೇ ಏನೋ ತಪ್ಪು ಮಾಡಿದ್ದಾಳೆ ಅಂದುಕೊಂಡೆ, ಸುಳ್ಳೇಕೆ ಹೇಳಲಿ. ಮೇಲ್ವಿಚಾರಕರಿಗೆ ಫೋನ್ ಮಾಡಿದರೆ, "ಹನ್ನೆರಡು ಮನೆ ಚಿಕ್ಕ ಸಂಖ್ಯೆ, ಆಕಸ್ಮಿಕವಾಗಿ ಏರುಪೇರಾಗುತ್ತೆ. ಆದರೆ ಇಷ್ಟೊಂದು ಆಗಲ್ಲ ಕಣಯ್ಯಾ. ನೀನು ಯಾರನ್ನ ಕೇಳ್ದೆ?" ಅಂದರು.

ಯಾರನ್ನು? ಜಗುಲಿಯಲ್ಲಿ ಕೂತ ಗಂಡಸರನ್ನು. ಆ ಮನೆಗಳಲ್ಲಿ ಒಂದು ಬಿಂದಿಗೆ ನೀರು ಹಿಡಿದ ಗಂಡಸು ನನ್ನ ಕಣ್ಣಿಗಂತೂ ಬಿದ್ದಿರಲಿಲ್ಲ. ಅವಳು ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. 'ದಿನಕ್ಕೆ ಎಷ್ಟು ಲೀಟರ್' ಅನ್ನುವ ಪ್ರಶ್ನೆಯನ್ನು ಬದಿಗಿಟ್ಟು, "ನಿನ್ನೆ ಬಂತಾ ಅಕ್ಕಾ? ಮೊನ್ನೆ? ಎಷ್ಟು ಬಿಂದಿಗೆ ಸಿಕ್ತು?" ಅಂತ ಕೇಳಿದ್ದಳು. ಒಬ್ಬ ಅಜ್ಜಿಯಂತೂ, "ಇವತ್ತು ನಿಮ್ ಮಕ ನೋಡಿ ಬಂದವ್ಳೆ ಗಂಗವ್ವ" ಅಂದಿತ್ತಂತೆ. ಅದನ್ನೂ ಅವಳು ಫಾರಂನ ಅಂಚಿನಲ್ಲಿ ಬರೆದುಕೊಂಡಿದ್ದಳು.

ಆಮೇಲೆ 306ರ ಫಾರಂ ತಿರುವಿ ನೋಡಿ, "ಮನೇಲಿ ಎಷ್ಟು ಜನ ಅಂತ ಬರ್ದಿಲ್ವಲ್ಲ ಅಣ್ಣ?" ಅಂದಳು. ಇದ್ದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ, ಫಾರಂ ಮಡಚಿ ನನ್ನ ಕಡೆ ಸರಿಸಿದಳು.

ಮಾರನೇ ದಿನ ಯಾರಿಗೂ ಹೇಳದೆ ಹೋದೆವು. ಊರ ಬಾಗಿಲಲ್ಲೇ ನೀರುಗಂಟಿ ಸಿಕ್ಕಿದ, ಸೈಕಲ್ಲಿಗೆ ವಾಲ್ವ್ ತಿರುಗಿಸುವ ಉದ್ದನೆ ಕೀಲಿ ಕಟ್ಟಿಕೊಂಡು. ಟ್ಯಾಂಕಿನ ಪಕ್ಕದ ಬೀದಿಗೆ ದಿನಾ ನೀರು, ಅದರಾಚೆಗೆ ದಿನ ಬಿಟ್ಟು ದಿನ, ದಿಬ್ಬಕ್ಕೆ ಮೂರು ದಿನಕ್ಕೊಮ್ಮೆ ರಾತ್ರಿ ಒಂದು ಗಂಟೆ ಹೊತ್ತು. ಮೊದಲ ಸಾಲಿನವರು ಪೈಪಿಗೇ ಮೋಟರ್ ಹಾಕಿ ಸಂಪಿನೊಳಕ್ಕೆ ಎಳೆಯುತ್ತಾರೆ, ಹಿಂದಿನವರಿಗೆ ಒತ್ತಡವೇ ಉಳಿಯುವುದಿಲ್ಲ. "ನನ್ ಕೇಳಿದ್ರೆ ಒಂದೇ ಮಾತಲ್ಲಿ ಹೇಳ್ತಿದ್ನಲ್ಲ ಸಾ" ಅಂದ. ಅವನನ್ನು ಕೇಳುವ ಜಾಗ ನಮ್ಮ ಫಾರಂನಲ್ಲಿ ಇರಲಿಲ್ಲ.

20ನೇ ಮನೆಗೆ ಮತ್ತೆ ಹೋಗಿ ನಲ್ಲಿಯ ಕೆಳಗೆ ಹದಿನೈದು ಲೀಟರಿನ ಪ್ಲಾಸ್ಟಿಕ್ ಬಿಂದಿಗೆ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. ಐವತ್ತು ಸೆಕೆಂಡು. ಈ ಸಲ ಕಾಫಿ ಬರಲಿಲ್ಲ.

ಅವತ್ತು ರಾತ್ರಿ ದಿಬ್ಬದ ಸರದಿ. ಎಂಟರ ಮೇಲೆ 306ರ ಬೀಗ ತೆಗೆದಿತ್ತು. ಹಗಲೆಲ್ಲಾ ಕೂಲಿಗೆ ಹೋಗಿ ಬಂದ ಹೆಣ್ಣುಮಗಳು ನಲ್ಲಿಯ ಮುಂದೆ ಬಿಂದಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಗಂಡ, ಅತ್ತೆ, ಮೂರು ಮಕ್ಕಳು, ತಾನು, ಒಟ್ಟು ಆರು ಜನ. ಕುಡಿಯುವುದಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಫಿಲ್ಟರ್ ನೀರು ತರುತ್ತಾರೆ. ಇಲ್ಲಿನ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಮಿಕ್ಕಿದ್ದಕ್ಕೆಲ್ಲಾ ಈ ನಲ್ಲಿಯೇ.

ಆರು ಜನಕ್ಕೆ 55ರಂತೆ ದಿನಕ್ಕೆ ಇಪ್ಪತ್ತೆರಡು ಬಿಂದಿಗೆ ಬರಬೇಕು. ಅವಳಿಗೆ ಸಿಗುವುದು ಮೂರು ದಿನಕ್ಕೆ ಹನ್ನೆರಡು. ಫಾರಂನ ಹಿಂಬದಿಯಲ್ಲಿ ಭಾಗಿಸಿದೆ, ತಲೆಗೆ ದಿನಕ್ಕೆ ಹತ್ತು ಲೀಟರ್. ನಂಬಿಕೆಯಾಗದೆ ಇನ್ನೊಂದು ಸಲ ಭಾಗಿಸಿದೆ. ಟ್ಯಾಂಕಿನ ಪಕ್ಕದ ಬೀದಿಯ ಸಂಪುಗಳ ಜೊತೆ ಸೇರಿಸಿ ಸರಾಸರಿ ತೆಗೆದರೆ ಈ ಹತ್ತು ಎಲ್ಲಿಯೂ ಕಾಣುವುದಿಲ್ಲ. ವರದಿಯಲ್ಲಿ ಸಾಲಿಗೊಂದು ಅಂಕಿ ಬೇರೆಬೇರೆಯಾಗಿ ಹಾಕಿ ಅಂತ ಆಮೇಲೆ ನಾನು ಹಟ ಹಿಡಿದದ್ದು ಇದಕ್ಕೇ.

"ಎಲ್ಲಾ ಮನೆ ಬರ್ಕಂತೀರಾ ಅಣ್ಣ?" ಅಂದಳು.

"ಇಲ್ಲಮ್ಮ, ಇಪ್ಪತ್ತನಾಲ್ಕೇ. ಚೀಟಿ ಎತ್ತಿದ್ವಿ. ಲಾಟರಿ ತರ. ನಿಮ್ಮ ಮನೆ ಬಂತು."

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಒಳಗಿದ್ದ ಅತ್ತೆಯನ್ನು ಕೂಗಿ, "ಅತ್ತೇ, ನಮ್ಗೆ ಲಾಟರಿ ಹೊಡ್ದೈತಂತೆ!" ಅಂದಳು. ಮೊಬೈಲಿನಲ್ಲಿ ಐದು ನಿಮಿಷ ಆಗುತ್ತಾ ಬಂದಿತ್ತು, ಮೊದಲ ಬಿಂದಿಗೆಯ ಕಂಠಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ.