ಮೊದಲು ತಲಕಾಡು, ಆಮೇಲೆ ಸೋಮನಾಥಪುರ: ಒಂದು ದಿನದ ಪ್ರವಾಸ ನಡೆಸುವವರಿಗೆ

ಮೈಸೂರಿನಿಂದ ಒಂದು ದಿನದ ಪ್ರವಾಸ ಹೊರಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಮಾಡುವ ಮೊದಲ ತಪ್ಪು ಹೆಚ್ಚುಕಡಿಮೆ ಒಂದೇ. ಮೊಬೈಲಿನಲ್ಲಿ ನಕ್ಷೆ ತೆಗೆದು, ಯಾವ ಊರು ಹತ್ತಿರವೋ ಅದನ್ನು ಮೊದಲು ಬರೆದುಬಿಡುತ್ತಾರೆ. ಸೋಮನಾಥಪುರ ಸುಮಾರು 35 ಕಿ.ಮೀ., ತಲಕಾಡು 45ರ ಆಚೆ. ಹಾಗಾಗಿ ಬನ್ನೂರು ದಾರಿ ಹಿಡಿದು ಬೆಳಿಗ್ಗೆ ಸೋಮನಾಥಪುರ, ಅಲ್ಲಿಂದ ಟಿ. ನರಸೀಪುರದ ಮೇಲೆ ತಲಕಾಡು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಜನ ತಲಕಾಡಿನ ಮರಳಿಗೆ ಕಾಲಿಡುವ ಹೊತ್ತಿಗೆ ಹನ್ನೆರಡೂವರೆ ಆಗಿರುತ್ತದೆ. ಮರಳು ಕಾದ ಬಾಣಲೆಯಂತಾಗಿರುತ್ತದೆ, ಪೂಜೆ ನಡೆಯುವ ಗುಡಿಗಳು ಮಧ್ಯಾಹ್ನದ ಬಾಗಿಲು ಹಾಕುವ ಹೊತ್ತು, ವಯಸ್ಸಾದವರು ಮೊದಲ ನೆರಳಿನಲ್ಲೇ ಕೂತು ‘ನೀವು ಹೋಗಿಬನ್ನಿ’ ಎನ್ನುತ್ತಾರೆ. ಅಷ್ಟು ದೂರ ಬಂದವರು ತಲಕಾಡನ್ನು ನೋಡದೆಯೇ ವಾಪಸಾಗುತ್ತಾರೆ.

ಈ ದಾರಿಯನ್ನು ತಿರುಗಿಸಿ ಹಾಕಿ. ಆರೂವರೆಗೆ ಮೈಸೂರು ಬಿಡುವುದು. ಏಳೂವರೆಗೆ ಟಿ. ನರಸೀಪುರದಲ್ಲಿ ಇಡ್ಲಿ, ಕಾಫಿ, ಅರ್ಧ ಗಂಟೆ. ಎಂಟೂವರೆಗೆ ತಲಕಾಡು. ಹತ್ತೂವರೆಯೊಳಗೆ ಮರಳಿನಿಂದ ಎಲ್ಲರೂ ಹೊರಗೆ. ಊಟ ಮುಗಿಸಿ ಎರಡಕ್ಕೆ ಸೋಮನಾಥಪುರ, ನಾಲ್ಕೂವರೆಗೆ ಅಲ್ಲಿಂದ ಹೊರಟು ಬನ್ನೂರು ದಾರಿಯಲ್ಲಿ ಆರರೊಳಗೆ ಮೈಸೂರು. ಒಟ್ಟು ಸುತ್ತು 110 ಕಿ.ಮೀ. ಆಸುಪಾಸು. ಹೇಗೆ ಹೋದರೂ ದೂರ ಅಷ್ಟೇ, ಬದಲಾಗುವುದು ಬಿಸಿಲಿನ ಲೆಕ್ಕ ಮಾತ್ರ.

ತಲಕಾಡಿನಲ್ಲಿ ನಡೆಯುವುದನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಸಡಿಲ ಮರಳಿನಲ್ಲಿ ಪ್ರತಿ ಹೆಜ್ಜೆಯೂ ಹೂತು ಹಿಂದಕ್ಕೆ ಜಾರುತ್ತದೆ, ಮೀನಖಂಡ ಬೇಗ ಸೋಲುತ್ತದೆ. ಗಟ್ಟಿ ನೆಲದಲ್ಲಿ ಮುಕ್ಕಾಲು ಗಂಟೆಯ ನಡಿಗೆ ಇಲ್ಲಿ ಒಂದೂವರೆ ಗಂಟೆ, ಮಂಡಿನೋವಿನವರಿದ್ದರೆ ಎರಡು. ಹೊದಿಕೆ ಹಾಕಿದ ದಾರಿ ಇದೆ, ಆದರೆ ಎಲ್ಲ ಕಡೆ ನೆರಳಿಲ್ಲ. ಚಪ್ಪಲಿಯನ್ನು ಶುರುವಿನಲ್ಲೇ ಬಿಟ್ಟು ಹೋಗುವವರು ಬಹಳ. ಬೆಳಿಗ್ಗೆ ತಣ್ಣಗಿರುವ ಮರಳು ಅವರಿಗೆ ಮೋಸ ಮಾಡುತ್ತದೆ. ಹಿಂದಿರುಗುವಾಗ ಅದೇ ಜಾಗದಲ್ಲಿ ಕಾಲಿಡಲಾಗದು. ಆದ್ದರಿಂದ ತಲೆಗೊಂದು ಬಟ್ಟೆ ಚೀಲ ಕೊಡಿ, ಚಪ್ಪಲಿ ಅದರಲ್ಲೇ ಕೈಯಲ್ಲಿರಲಿ. ಗುಡಿಯೊಳಗೆ ಹೋಗುವಾಗ ಚೀಲ ಹೊರಗೆ, ಬಂದಮೇಲೆ ಕಾಲಿಗೆ.

ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಈಗಲೂ ಹಳ್ಳದೊಳಗೇ ಇವೆ. ಸುತ್ತ ಮರಳಿನ ದಿಬ್ಬ, ನಡುವೆ ತೋಡಿ ತೆಗೆದ ಅಂಗಳ, ಮೆಟ್ಟಿಲಿಳಿದು ಹೋಗಬೇಕು. ಇಲ್ಲಿ ಐದು ನಿಮಿಷ ಮಾತು ನಿಲ್ಲಿಸಿ ಜನರನ್ನು ಮೇಲಿನ ಅಂಚಿನಲ್ಲೇ ನಿಲ್ಲಿಸಿ. ಗುಡಿಯ ಶಿಖರ ನಮ್ಮ ಕಾಲಿನ ಮಟ್ಟಕ್ಕೆ ಬಂದಿರುವುದನ್ನು ಕಣ್ಣಾರೆ ಕಂಡಾಗ, ಒಂದು ಊರು ಮರಳೊಳಗೆ ಹೋಯಿತು ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ. ಇಳಿದು ಹೋದಮೇಲೆ ಆ ನೋಟ ಸಿಗದು. ಅಂಚಿನ ಮರಳು ಕುಸಿಯುತ್ತದೆ, ಮಕ್ಕಳನ್ನು ಒಂದು ಮಾರು ಹಿಂದಕ್ಕೇ ನಿಲ್ಲಿಸಿಕೊಳ್ಳಿ.

ಪಂಚಲಿಂಗ ಎಂದರೆ ಐದೂ ಒಂದೇ ಕಡೆ ಇವೆ ಎಂದು ಜನ ಅಂದುಕೊಂಡು ಬರುತ್ತಾರೆ. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ ಇಲ್ಲಿವೆ. ಅರ್ಕೇಶ್ವರ ಹತ್ತಿರದ ವಿಜಯಾಪುರ ಎಂಬ ಹಳ್ಳಿಯಲ್ಲಿ, ಮಲ್ಲಿಕಾರ್ಜುನ ಮುಡುಕುತೊರೆಯ ಬೆಟ್ಟದ ಮೇಲೆ. ಐದನ್ನೂ ನೋಡಬೇಕೆಂದು ಹಟ ಹಿಡಿದ ತಂಡಕ್ಕೆ ಇನ್ನೂ ಎರಡು ಗಂಟೆ ಬೇಕು, ಅಂದರೆ ಸೋಮನಾಥಪುರ ಅವತ್ತಿಗೆ ಬಿಟ್ಟಂತೆ. ಇದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಿ. ಕಾರ್ತಿಕ ಸೋಮವಾರಗಳಲ್ಲಿ ಈ ದಾರಿ ಇಟ್ಟುಕೊಳ್ಳಲೇಬೇಡಿ. ದರ್ಶನಕ್ಕೆಂದೇ ಬರುವವರನ್ನು ಬೇರೆ ಕರೆದೊಯ್ಯಿರಿ. ಪಂಚಲಿಂಗ ದರ್ಶನ ಕೂಡಿಬರುವುದು ಕೆಲವು ವರ್ಷಗಳಿಗೊಮ್ಮೆ, ಹಿಂದೆ 2013ರಲ್ಲಿ ಆಗಿ ಆಮೇಲೆ 2020ರ ಡಿಸೆಂಬರಿನಲ್ಲಿ ಆಯಿತು.

ಇನ್ನು ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಹೆಂಡತಿ ಅಲಮೇಲಮ್ಮ ಕೊಟ್ಟಳೆನ್ನುವ ಶಾಪದ ಮಾತು. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ’ ಎಂಬುದನ್ನು ಬಸ್ಸಿನಲ್ಲಿರುವ ಅಜ್ಜಿಯರು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಹೇಳಲಿ, ತಡೆಯಬೇಡಿ. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಮೂರ್ತಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಅದನ್ನು ಹಗುರ ಮಾಡಿ ಮಾತಾಡುವುದು ನಮ್ಮ ಕೆಲಸವಲ್ಲ. ಆದರೆ ಕಾಲದ ಕ್ರಮವನ್ನು ಸರಿಯಾಗಿ ಇಡುವುದು ನಮ್ಮ ಕೆಲಸ. ತಲಕಾಡು ಗಂಗರ ರಾಜಧಾನಿ, 11ನೇ ಶತಮಾನದ ಆರಂಭದಲ್ಲಿ ಚೋಳರ ಕೈಗೆ ಹೋಗಿ ರಾಜರಾಜಪುರ ಆಯಿತು, 1116ರ ಸುಮಾರಿಗೆ ವಿಷ್ಣುವರ್ಧನ ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡು ಕೀರ್ತಿನಾರಾಯಣನನ್ನು ನಿಲ್ಲಿಸಿದ. ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡದ್ದು 1610ರಲ್ಲಿ, ಶಾಪದ ಕತೆ ಅಲ್ಲಿಗೆ ಸೇರಿದ್ದು. ತಲಕಾಡಿಗೆ ಸ್ವಲ್ಪ ಮೇಲೆ ಹೊಳೆಗೆ ಅಡ್ಡಲಾಗಿರುವ ಮಾಧವಮಂತ್ರಿ ಕಟ್ಟೆ ವಿಜಯನಗರದ ಕಾಲದ್ದು, 14ನೇ ಶತಮಾನದ್ದು. ಅಂದರೆ ಕಟ್ಟೆ ಶಾಪಕ್ಕಿಂತ ಎರಡು ಶತಮಾನಕ್ಕೂ ಮುಂಚಿನದು. ಕಟ್ಟೆಯಿಂದ ಹರಿವು ಕಡಿಮೆಯಾಗಿ, ಹೊಳೆ ಬಳಸುವ ತಿರುವಿನಲ್ಲಿ ಮರಳಿನ ಹಾಸು ಬಯಲಾಯಿತು. ಮುಂಗಾರಿನ ನೈಋತ್ಯ ಗಾಳಿ ಅದನ್ನು ಎತ್ತಿ ದಡದ ಊರಿನ ಮೇಲೆ ಹಾಕಿತು ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಬ್ರಿಟಿಷರ ಕಾಲದ ಗೆಜೆಟಿಯರು ಮರಳಿನ ದಿಬ್ಬ ವರ್ಷಕ್ಕೆ 9–10 ಅಡಿ ಮುಂದೆ ಬರುತ್ತಿತ್ತು ಎನ್ನುತ್ತದೆ. ಈಗ ಕಾಣುವ ಮರದ ತೋಪು ಆ ಮರಳನ್ನು ಹಿಡಿದು ನಿಲ್ಲಿಸಿರುವುದು. ಇಷ್ಟನ್ನು ನಿಂತಲ್ಲೇ ಕೈ ತೋರಿಸಿ ಹೇಳಬಹುದು: ಹೊಳೆ ಆ ಕಡೆ, ಗಾಳಿ ಆ ಕಡೆಯಿಂದ, ಊರು ಈ ಕಡೆ. ಶಾಪ ನಂಬುವವರೂ ತಲೆಯಾಡಿಸುತ್ತಾರೆ.

ಹೊಳೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ತಲಕಾಡಿನ ದಡ ನೋಡಲು ಸೌಮ್ಯ, ಮೊಣಕಾಲುದ್ದ ನೀರು, ಕೆಳಗೆ ನುಣ್ಣನೆ ಮರಳು. ಅದೇ ಅಪಾಯ. ಮರಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ಕುತ್ತಿಗೆ. ಗುಂಡಿಯ ಅಂಚಿನ ಮರಳು ಕಾಲ ಕೆಳಗೆ ಸರಿಯುವುದರಿಂದ ಈಜು ಬಲ್ಲವರೂ ಗಾಬರಿ ಬೀಳುತ್ತಾರೆ. ಕಬಿನಿ ಟಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ, ಹಾಗಾಗಿ ಕನ್ನಂಬಾಡಿಯಿಂದ ಬಿಟ್ಟ ನೀರೂ ಕಬಿನಿಯಿಂದ ಬಿಟ್ಟ ನೀರೂ ಎರಡೂ ಇಲ್ಲಿಗೇ ಬರುತ್ತವೆ. ಮೈಸೂರಿನಲ್ಲಿ ಹನಿ ಮಳೆಯಿಲ್ಲದ ದಿನವೂ ವಯನಾಡಿನಲ್ಲಿ ಜೋರಾಗಿ ಸುರಿದಿದ್ದರೆ ಹೊಳೆ ಏರಬಹುದು. ಜುಲೈಯಿಂದ ಅಕ್ಟೋಬರ್ ತನಕ ಹೊರಡುವ ಹಿಂದಿನ ರಾತ್ರಿ ಎರಡೂ ಜಲಾಶಯಗಳ ಹೊರಹರಿವು ನೋಡಿ. ಹರಿವು ಹೆಚ್ಚಿದ್ದರೆ ದಡಕ್ಕೆ ಇಳಿಸುವುದೇ ಬೇಡ. ಉಳಿದ ದಿನ ನಿಯಮ ಒಂದೇ: ಪಾದ ಮುಳುಗುವಷ್ಟು ಮಾತ್ರ. ತೆಪ್ಪ ಹತ್ತುವುದಾದರೆ ತೇಲುವ ಜಾಕೆಟ್ಟು ಇದ್ದಷ್ಟೇ ಜನ. ‘ಏನೂ ಆಗಲ್ಲ ಬನ್ನಿ ಸಾರ್’ ಎಂದು ಕರೆಯುವವರ ಮಾತಿಗೆ ತಲೆ ಕೊಡಬೇಡಿ. ಗುಂಪಿನ ಹಿರಿಯರೊಬ್ಬರನ್ನು ಬೆಳಿಗ್ಗೆಯೇ ಪಕ್ಕಕ್ಕೆ ಕರೆದು, ‘ಯಜಮಾನರೇ, ನೀರಿನ ಹತ್ತಿರ ಮಾತ್ರ ನೀವು ಒಂದು ಮಾತು ಹೇಳಬೇಕು’ ಎಂದು ಕೇಳಿಕೊಂಡರೆ, ನಾವು ಹತ್ತು ಸಲ ಕೂಗಿದ್ದಕ್ಕಿಂತ ಅವರ ಒಂದು ಗದರಿಕೆ ಕೆಲಸ ಮಾಡುತ್ತದೆ.

ಗಾಡಿಯನ್ನು ದಡದ ಮರಳಿಗೆ ಇಳಿಸಬಾರದು. ಇಳಿಸಿ ಹೂತುಹೋದರೆ ಆಕ್ಸಿಲರೇಟರ್ ತುಳಿಯುವುದನ್ನು ಮೊದಲು ನಿಲ್ಲಿಸಿ. ಚಕ್ರ ತಿರುಗಿದಷ್ಟೂ ಗುಂಡಿ ಆಳ. ಎಲ್ಲರನ್ನೂ ಇಳಿಸಿ. ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಎಳೆಯುವುದು ಹಿಂದಿನ ಚಕ್ರ, ಅದರ ಮುಂದಿನ ಮರಳನ್ನು ಕೈಯಲ್ಲಿ ಬಗೆದು ಇಳಿಜಾರು ಮಾಡಿ, ಗೋಣಿಚೀಲ ಅಥವಾ ತೆಂಗಿನ ಗರಿ ಒತ್ತಿ ಹಾಸಿ. ಇನ್ನೂ ಬರದಿದ್ದರೆ ಹಿಂದಿನ ಚಕ್ರಗಳ ಗಾಳಿ ಸ್ವಲ್ಪ ಇಳಿಸಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಕ್ಲಚ್ ಬಿಡಿ. ಮೇಲೆ ಬಂದಮೇಲೆ ಪಂಕ್ಚರ್ ಅಂಗಡಿ ಸಿಗುವ ತನಕ ವೇಗ ಬೇಡ. ಡಿಕ್ಕಿಯಲ್ಲಿ ನಾಲ್ಕು ಗೋಣಿಚೀಲ ಯಾವಾಗಲೂ ಇರಲಿ, ಅದಕ್ಕೆ ಜಾಗವೂ ಬೇಡ, ದುಡ್ಡೂ ಬೇಡ.

ನೀರು ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಒಆರ್‌ಎಸ್ ಪೊಟ್ಟಣ ತೆಗೆದುಕೊಳ್ಳುವಾಗ ಅಳತೆ ಓದಿ: ದೊಡ್ಡದು 1 ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದು ಕುಡಿಸುವುದನ್ನು ಬಹಳ ಕಡೆ ನೋಡುತ್ತೇವೆ. ಅಷ್ಟು ಗಾಢವಾದದ್ದು ಒಳ್ಳೆಯದಲ್ಲ, ಮಕ್ಕಳಿಗಂತೂ ಬೇಡವೇ ಬೇಡ.

ಬುತ್ತಿ ಕಟ್ಟಿಕೊಂಡು ಹೋಗುವ ತಂಡಕ್ಕೆ ಪುಳಿಯೋಗರೆ ಎಲ್ಲಕ್ಕಿಂತ ಮೇಲು. ಹುಣಸೆ, ಎಣ್ಣೆ ಎರಡೂ ಸೇರಿ ಸಂಜೆತನಕ ಕೆಡುವುದಿಲ್ಲ. ಚಿತ್ರಾನ್ನಕ್ಕೆ ಕಾಯಿತುರಿ ಹಾಕಿದರೆ ಸೆಕೆಗೆ ಹನ್ನೆರಡರೊಳಗೆ ವಾಸನೆ ತಿರುಗುತ್ತದೆ, ಕಾಯಿ ಬಿಡಿಸಿ. ಮೊಸರನ್ನವನ್ನು ಬೆಳಿಗ್ಗೆ ಮೊಸರಿನಲ್ಲೇ ಕಲಸಿದರೆ ಊಟದ ಹೊತ್ತಿಗೆ ಹುಳಿ. ಅನ್ನವನ್ನು ಮೆತ್ತಗೆ ಬೇಯಿಸಿ, ಕಾಸಿ ಆರಿಸಿದ ಹಾಲಿನಲ್ಲಿ ಸಡಿಲವಾಗಿ ಕಲಸಿ, ಮೇಲೆ ಎರಡು ಚಮಚ ಮೊಸರು ಬಿಡಿ. ಒಂದು ಗಂಟೆಗೆ ಡಬ್ಬಿ ತೆರೆದಾಗ ಅದು ಸರಿಯಾಗಿ ಹೆಪ್ಪಾಗಿರುತ್ತದೆ.

ಸೋಮನಾಥಪುರವನ್ನು ಮಧ್ಯಾಹ್ನಕ್ಕೆ ಇಡಲು ಎರಡು ಕಾರಣ. ಅಲ್ಲಿ ಪೂಜೆಯಿಲ್ಲ, ಪುರಾತತ್ವ ಇಲಾಖೆಯ ಸ್ಮಾರಕ, ಹಾಗಾಗಿ ನಡುಹಗಲಲ್ಲಿ ಬಾಗಿಲು ಹಾಕುವುದಿಲ್ಲ. ಎರಡನೆಯದು ಬೆಳಕು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಮೂರು ಗರ್ಭಗುಡಿಗಳು ಪಶ್ಚಿಮ, ಉತ್ತರ, ದಕ್ಷಿಣಕ್ಕಿವೆ. ಶಿಲ್ಪದ ಹೊರಗೋಡೆಯೆಲ್ಲ ಹಿಂಭಾಗದಲ್ಲಿದೆ, ಬೆಳಿಗ್ಗೆ ಅದು ತನ್ನದೇ ನೆರಳಿನಲ್ಲಿರುತ್ತದೆ. ಎರಡರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಬಳಪದ ಕಲ್ಲಿನಲ್ಲಿ ಕೊರೆದ ಒಂದೊಂದು ಮಣಿಯೂ ತನ್ನ ನೆರಳು ಬಿಟ್ಟು ಎದ್ದು ನಿಲ್ಲುತ್ತದೆ. ಬುಡದಿಂದ ಮೇಲಕ್ಕೆ ಪಟ್ಟಿಗಳನ್ನು ಎಣಿಸಿ ತೋರಿಸಿ: ಆನೆ, ಕುದುರೆ, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಕತೆಯ ಪಟ್ಟಿ ದಕ್ಷಿಣದಲ್ಲಿ ರಾಮಾಯಣ, ಹಿಂದೆ ಭಾಗವತ, ಉತ್ತರದಲ್ಲಿ ಮಹಾಭಾರತ. ಪ್ರದಕ್ಷಿಣೆಯಾಗಿ ನಡೆದರೆ ಅದೇ ಕ್ರಮದಲ್ಲಿ ಸಿಗುತ್ತದೆ. ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವೆ, ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುವಾಗ. ಚಳಿಗಾಲದಲ್ಲಿ ಬಂದವರಿಗೆ ಆ ಗೋಡೆ ಮಂಕಾಗಿಯೇ ಕಾಣುತ್ತದೆ, ಅದಕ್ಕೆ ಹೆಚ್ಚು ಹೊತ್ತು ಕೊಟ್ಟು ಕಣ್ಣು ಹೊಂದಿಕೊಳ್ಳಲು ಬಿಡಿ. ಜಗತಿ (ಗುಡಿ ನಿಂತಿರುವ ಕಲ್ಲಿನ ಕಟ್ಟೆ) ಹತ್ತುವಾಗ ಬರಿಗಾಲು, ಕಲ್ಲು ಸುಡುತ್ತದೆ. ದಪ್ಪ ಕಾಲುಚೀಲ ತರಲು ಮೊದಲೇ ಹೇಳಿರಿ.

1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು, ಮಲ್ಲಿತಮ್ಮನಂಥ ರೂವಾರಿಗಳು (ಶಿಲ್ಪಿಗಳು) ವಿಗ್ರಹಗಳ ಬುಡದಲ್ಲಿ ಹೆಸರು ಕೊರೆದಿದ್ದಾರೆ, 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಾತು ಇಷ್ಟು ಸಾಕು. ಕೆಳಗೆ ಕೂತು ಆ ಹೆಸರುಗಳಲ್ಲಿ ಒಂದನ್ನು ತಾನೇ ಓದಿದ ಹುಡುಗ ಇಡೀ ದಿನ ಮರೆಯುವುದಿಲ್ಲ, ಹಳಗನ್ನಡ ಲಿಪಿಯ ‘ಮ’ ಮತ್ತು ‘ಲ್ಲ’ ಎರಡನ್ನು ಚೀಟಿಯಲ್ಲಿ ಬರೆದುಕೊಟ್ಟಿರಿ.

ಇದೇ ಲೆಕ್ಕ ಕನ್ನಂಬಾಡಿ ಕಡೆಗೂ. 1911ರಲ್ಲಿ ಶುರುವಾದ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಊರು ಮುಳುಗಿತು. ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿ, ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದಾರೆ. ಅಣೆಕಟ್ಟೆಯ ಮೇಲೆ ಸಾರ್ವಜನಿಕ ಗಾಡಿ ಬಿಡುವುದಿಲ್ಲ, ಬಳಸಿಕೊಂಡೇ ಹೋಗಬೇಕು. ಬೃಂದಾವನ ತೋಟದಿಂದ ಹತ್ತಿರವೇ ಇದೆ ಎಂದು ಹತ್ತು ನಿಮಿಷ ಬರೆಯಬೇಡಿ. ಜಲಾಶಯದ ಮಟ್ಟ ಪೂರ್ತಿ ತುಂಬುವ 124.80 ಅಡಿಗೆ ಹತ್ತಿರ ಬಂದಾಗ ನೀರು ಗುಡಿಯ ಮಗ್ಗುಲಿಗೇ ಬರುತ್ತದೆ, ಏಪ್ರಿಲ್–ಮೇನಲ್ಲಿ ದೂರ ಸರಿದು ಬಿರುಕುಬಿಟ್ಟ ಕೆಸರು ಬಯಲು. ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ಹಸಿ. ಅದರ ಮೇಲೆ ಗಾಡಿಯೂ ಬೇಡ, ನಡಿಗೆಯೂ ಬೇಡ.

ಮಂಡ್ಯ ಕಡೆಯ ಹಳೆಯ ಗುಡಿ, ಬಸದಿಗಳಿರುವ ಬಸರಾಳು, ಹೊಸಹೊಳಲು, ಕಂಬದಹಳ್ಳಿಗೆ ದೊಡ್ಡ ಬಸ್ಸು ಒಯ್ಯಬೇಡಿ, ಟಿಟಿಯೇ ಸರಿ. ಬಾಗಿಲು ಹಾಕಿದ್ದರೆ ಊರಿನ ಅಂಗಡಿಯಲ್ಲಿ ‘ಅಣ್ಣಾ, ಬೀಗದ ಕೈ ಯಾರ ಹತ್ರ ಇರ್ತದೆ’ ಎಂದು ಕೇಳಿ, ಅವರು ಊಟಕ್ಕೆ ಕೂತಿದ್ದರೆ ಕಾಯಿರಿ. ಕಬ್ಬು ಕಡಿಯುವ ಕಾಲದಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಡಿಸೆಂಬರ್–ಜನವರಿಯಲ್ಲಿ ಇನ್ನೊಂದು ಸಂಗತಿ: ಹಳ್ಳಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆಗೆ ಬಿಟ್ಟಿರುತ್ತಾರೆ. ಹುರುಳಿ ಬಳ್ಳಿ ತಿರುಗುವ ಶಾಫ್ಟಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಜಾಗವಿದ್ದರೆ ಬಳಸಿ ಹೋಗಿ. ಇಲ್ಲದಿದ್ದರೆ ರೈತರನ್ನು ಕೇಳಿ, ಅವರು ಒಂದು ಚಕ್ರದ ಜಾಡು ಸರಿಸಿಕೊಡುತ್ತಾರೆ. ದಾಟಿದ ಮೇಲೆ ನೂರು ಮೀಟರಿನೊಳಗೆ ನಿಲ್ಲಿಸಿ, ಎಂಜಿನ್ ಆರಿಸಿ, ಟಾರ್ಚ್ ಹಿಡಿದು ಗಾಡಿಯ ಅಡಿಗೆ ಬಗ್ಗಿ ನೋಡಿ. ಸುತ್ತಿಕೊಂಡ ಬಳ್ಳಿಯನ್ನು ಕುಡುಗೋಲಿನಿಂದ ಕತ್ತರಿಸಿ ತೆಗೆಯಬೇಕು. ಕೈಯಲ್ಲಿ ಎಳೆದರೆ ಬರುವುದಿಲ್ಲ, ಪಕ್ಕದ ಸೈಲೆನ್ಸರ್ ಬೇರೆ ಸುಡುತ್ತಿರುತ್ತದೆ.