‘ಕಿಟ್ ತಂದು ಜೋಡಿಸಿದ್ದಲ್ವಾ, ಇದರಲ್ಲಿ ನೀವು ಮಾಡಿದ್ದೇನು?’

ಜೇಬಿನಲ್ಲಿ ಮರದ ಪೆನ್ನು ಕಂಡವರು ಮೊದಲು ಕೇಳುವುದು ‘ಎಲ್ಲಿ ತಗೊಂಡ್ರಿ?’ ನಾನೇ ಮಾಡಿದ್ದು ಎಂದರೆ ಹುಬ್ಬು ಮೇಲೇರುತ್ತದೆ. ಮೂತಿ, ಕ್ಲಿಪ್ಪು, ರೀಫಿಲ್ಲು, ಅದನ್ನು ಹೊರಗೆ ತಳ್ಳುವ ತಿರುಗಣೆ ಎಲ್ಲ ಕಿಟ್‌ನಲ್ಲೇ ಬರುತ್ತೆ, ಮರ ಮಾತ್ರ ನನ್ನದು ಎಂದು ಬಾಯಿಬಿಟ್ಟೆನೋ, ಏರಿದ ಹುಬ್ಬು ಅಷ್ಟೇ ಬೇಗ ಇಳಿಯುತ್ತದೆ. ‘ಓ, ಕಿಟ್ಟಾ? ಹಾಗಾದ್ರೆ ಜೋಡಿಸಿದ್ದು ಅನ್ನಿ.’ ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಇದೇ ಮಾತು.

ಮೊದಮೊದಲು ವಾದ ಮಾಡುತ್ತಿದ್ದೆ. ಈಗ ಪೆನ್ನನ್ನು ಅವರ ಕೈಗೇ ಕೊಟ್ಟು, ‘ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಮೂತಿಯಿಂದ ಮೇಲಕ್ಕೆ ಎಳೆಯಿರಿ’ ಎನ್ನುತ್ತೇನೆ. ಲೋಹ ಮುಗಿದು ಮರ ಶುರುವಾಗುವ ಜಾಗದಲ್ಲಿ ಉಗುರು ತಡೆಯಿತಾ? ತಡೆಯದಿದ್ದರೆ, ನಾನು ಮಾಡಿದ್ದು ಅದನ್ನೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಸ್ಲಿಮ್‌ಲೈನ್’ ಎಂಬ ಕಿಟ್‌ನಿಂದಲೇ ಬಹುಪಾಲು ಜನ ಶುರುಮಾಡುವುದು, ನಾನೂ ಹಾಗೇ. ಪೊಟ್ಟಣದಲ್ಲಿ ಲೋಹದ ಚೂರುಪಾರಿನ ಜೊತೆ ಎರಡು ಹಿತ್ತಾಳೆ ಕೊಳವೆ ಇರುತ್ತವೆ. ಮುಕ್ಕಾಲಂಗುಲ ದಪ್ಪದ, ಐದಂಗುಲ ಉದ್ದದ ಮರದ ತುಂಡನ್ನು ಎರಡಾಗಿ ಕೊಯ್ದು, ಉದ್ದಕ್ಕೆ 7 ಮಿಲಿಮೀಟರ್ ತೂತು ಕೊರೆದು, ಕೊಳವೆ ಅಂಟಿಸಿ, ಮರವನ್ನು ತಿರುಗಿಸಿ ಕಡೆಯುವ ಯಂತ್ರ ಲೇಥಿನ ಸಣ್ಣ ಸಲಾಕೆಗೆ ಪೋಣಿಸಬೇಕು. ಸಲಾಕೆಗೆ ಮ್ಯಾಂಡ್ರಲ್ ಎನ್ನುತ್ತಾರೆ. ತುಂಡಿನ ಎರಡೂ ತುದಿಗೆ ಬುಶ್ ಎಂಬ ಉಕ್ಕಿನ ಉಂಗುರ ಇರುತ್ತದೆ, ಅದರ ದಪ್ಪ ಕಿಟ್‌ನ ಲೋಹದ್ದೇ ದಪ್ಪ. ಆ ಮಟ್ಟಕ್ಕೆ ಮರವನ್ನು ಇಳಿಸುವುದೇ ಕೆಲಸ. ಅಷ್ಟಕ್ಕಿಳಿದಾಗ ತುದಿಯಲ್ಲಿ ಕೊಳವೆಯ ಮೇಲೆ ಉಳಿಯುವ ಮರ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಹೀರೇಕಾಯಿ ಸಿಪ್ಪೆಯಷ್ಟು ಅನ್ನಿ. ಜನ ‘ಮರದ ಪೆನ್ನು’ ಎಂದು ಹಿಡಿದುಕೊಳ್ಳುವುದು ಹಿತ್ತಾಳೆಗೆ ಸುತ್ತಿದ ಆ ಸಿಪ್ಪೆಯನ್ನು.

ಸಿಪ್ಪೆಯಾದ್ದರಿಂದಲೇ ತಪ್ಪಿಗೆ ಜಾಗವಿಲ್ಲ. ಉಗುರು ಸುತ್ತಲೂ ಒಂದೇ ಸಮ ತಡೆದರೆ ಇಳಿಸಿದ್ದು ಕಡಿಮೆಯಾಗಿದೆ, ಇಲ್ಲವೇ ಸ್ಯಾಂಡ್‌ಪೇಪರ್ ಹಾಕಿ ಅತಿಯಾಗಿ ತಿಕ್ಕಿದ್ದೇನೆ. ಒಂದೇ ಪಕ್ಕ ತಡೆದರೆ ಕಥೆ ಬೇರೆ. ಮ್ಯಾಂಡ್ರಲ್‌ನ ತಿರುಪನ್ನು ಜೋರಾಗಿ ಬಿಗಿದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನನ್ನ ಮೊದಲ ಏಳೆಂಟು ಪೆನ್ನುಗಳಿಗೆಲ್ಲ ಈ ಕಾಯಿಲೆ ಇತ್ತು. ಉಳಿಯನ್ನೇ ಬೈದುಕೊಳ್ಳುತ್ತಾ ಎರಡು ಸಲ ಹೊಸದಾಗಿ ಸಾಣೆ ಹಿಡಿದಿದ್ದೆ. ಕೊನೆಗೆ ನೋಡಿದರೆ ಬೆರಳಲ್ಲಿ ತಿರುಗಿಸಿ ನಿಲ್ಲಿಸಬೇಕಾದ ನಟ್ಟಿಗೆ ನಾನು ಸ್ಪ್ಯಾನರ್ ಹಾಕುತ್ತಿದ್ದೆ. ಇನ್ನು, ಬುಶ್‌ಗೆ ಸ್ಯಾಂಡ್‌ಪೇಪರ್ ತಾಗಿದರೆ ಉಕ್ಕಿನ ಕರಿ ಧೂಳು ಮರಕ್ಕೆ ಮೆತ್ತಿಕೊಳ್ಳುತ್ತದೆ. ಬೀಟೆಯಲ್ಲಿ ಅದು ಕಾಣುವುದಿಲ್ಲ. ಬೆಳ್ಳಗಿನ ಹಾಲೆ ಮರದಲ್ಲಿ ಮಸಿ ಬಳಿದ ಹಾಗೆ ಎದ್ದು ಕಾಣುತ್ತದೆ.

ಮರದ ಬಗ್ಗೆ ಮಾತಾಡಲು ಕುಳಿತರೆ ನನಗೆ ಹೊತ್ತು ಗೊತ್ತಾಗುವುದಿಲ್ಲ. ನನ್ನ ಇಷ್ಟದ್ದು ಹಲಸು. ನೆಂಟರೊಬ್ಬರ ಹಳೇ ಮನೆ ಕೆಡವಿದಾಗ ಕಿಟಕಿಯ ಚೌಕಟ್ಟೊಂದನ್ನು ಹೊತ್ತು ತಂದಿದ್ದೆ. ಹೊರಗೆ ಕಂದು, ಹೊಗೆ ಹಿಡಿದ ಬಣ್ಣ. ಗರಗಸ ಇಟ್ಟರೆ ಒಳಗೆ ಅರಿಸಿನದ ಕೊಂಬು ಮುರಿದಂತೆ ಹಳದಿ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಹಲಸಿನ ಚೇಗಿನ ಚಕ್ಕೆ ಕುದಿಸುತ್ತಿದ್ದರು ಎಂಬುದನ್ನು ಆ ಹೊಟ್ಟು ನೋಡಿದವರು ತಕ್ಷಣ ನಂಬುತ್ತಾರೆ. ಆ ಚೌಕಟ್ಟಿನ ಮೂರನೇ ತುಂಡಿನಲ್ಲಿ ತಲೆ ಮುರಿದ ಮೊಳೆಯೊಂದು ಅವಿತು ಕೂತಿತ್ತು, ಡ್ರಿಲ್ ಬಿಟ್ಟಿನ ಮೂತಿ ಹೋಯಿತು. ಪೆನ್ನು ಕೊಟ್ಟ ವರ್ಷದ ಮೇಲೆ ಗೆಳೆಯ ಫೋನ್ ಮಾಡಿ, ‘ನಿನ್ನ ಹಳದಿ ಪೆನ್ನು ಕಂದಾಗಿದೆ, ಪಾಲಿಶ್ ಕೆಟ್ಟಿತಾ?’ ಎಂದ. ಕೆಟ್ಟಿಲ್ಲ ಮಾರಾಯ, ಹಲಸು ಬೆಳಕು ಕಂಡರೆ ಹಾಗೇ.

ಕಾಫಿ ಗಿಡದ ಮರವೂ ಲೇಥಿಗೆ ಬಲು ಚೆನ್ನ: ಬಿಗಿ, ನುಣುಪು, ತಿಳಿ ಬಣ್ಣ. ಆದರೆ ಒಣಗಲು ಬಿಡಬೇಕು. ಒಮ್ಮೆ ಆತುರಪಟ್ಟು ಹಸಿಹಸಿಯಾಗಿರುವಾಗಲೇ ಕಡೆದೆ. ಮೂರು ವಾರಕ್ಕೆ ಉದ್ದಕ್ಕೂ ಕೂದಲೆಳೆಯ ಬಿರುಕು. ಮರ ಒಣಗಿ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ, ಮತ್ತೇನಾಗಬೇಕು? ಈಗ ತುಂಡಿನ ಮೇಲೆಯೇ ಪೆನ್ಸಿಲಿನಲ್ಲಿ ತೂಕ ಬರೆದಿಟ್ಟು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಗೆ ಹಾಕುತ್ತೇನೆ. ತೂಕ ಇಳಿಯುವುದು ನಿಂತ ಮೇಲೇ ಗರಗಸ. (ಆ ತಕ್ಕಡಿ ಯಾರದು ಎಂಬ ವಿಚಾರದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ.)

ಕನ್ನಡದಲ್ಲಿ ಈ ಕೆಲಸಕ್ಕೆ ‘ಕಡೆಯುವುದು’ ಎಂಬ ಮಾತಿದೆ. ಬೆಣ್ಣೆ ಕಡೆಯುವುದಕ್ಕೂ ಅದೇ, ಬೇಲೂರಿನ ಕಡೆದ ಕಂಬಕ್ಕೂ ಅದೇ. ಚನ್ನಪಟ್ಟಣದವರು ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ, ಆಮೇಲೆ ತಾಳೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಪೆನ್ನಿಗೂ ಅದನ್ನೇ ಮಾಡಿ ನೋಡಿದೆ. ಹೊಳಪೇನೋ ಕಣ್ಣು ಕುಕ್ಕುವಂತಿತ್ತು. ಆದರೆ ಅರಗು ಸ್ಪಿರಿಟ್‌ಗೆ ಕರಗುವ ವಸ್ತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಅದು ಆರುವ ಮೊದಲೇ ಪೆನ್ನು ಹಿಡಿದೆ, ಬೆರಳಚ್ಚು ಹಾಗೇ ಕೂತಿತು.

ಹಾಗಾಗಿ ಈಗ ಸೈನೊಅಕ್ರಿಲೇಟ್ ಅಂಟು, ಅಂದರೆ ಸೂಪರ್ ಗ್ಲೂ. ತೆಳುವಾಗಿ ಎಂಟು ಹತ್ತು ಪದರ ಹಚ್ಚಿ ತಿಕ್ಕಿದರೆ ಗಾಜಿನಂತಾಗುತ್ತದೆ. ಹಚ್ಚಲು ಟಿಶ್ಯೂ ಕಾಗದ ಬಳಸಿ, ಹತ್ತಿ ಬಟ್ಟೆ ಬೇಡವೇ ಬೇಡ. ನಾನು ಹಳೇ ಬನಿಯನ್ ತುಂಡಿನಲ್ಲಿ ಹಚ್ಚಲು ಹೋಗಿ, ಬಟ್ಟೆ ಇದ್ದಕ್ಕಿದ್ದಂತೆ ಬಿಸಿಯಾಗಿ ಹೊಗೆಯಾಡಿತು. ಈ ಅಂಟಿಗೂ ಹತ್ತಿಗೂ ಆಗಿಬರುವುದಿಲ್ಲ, ಸೇರಿದರೆ ಉರಿ. ತೋರುಬೆರಳಿನ ಬೊಬ್ಬೆ ಇಳಿಯಲು ವಾರ ಹಿಡಿಯಿತು.

ಕೊನೆಗೆ ಬರುವುದೇ ‘ಜೋಡಿಸುವುದು’. ಮೂತಿ ಒತ್ತು, ತಿರುಗಣೆ ಒತ್ತು, ಕ್ಲಿಪ್ಪು ಒತ್ತು. ಐದು ನಿಮಿಷ. ತಿರುಗಣೆ ಎರಡು ಮಿಲಿಮೀಟರ್ ಹೆಚ್ಚು ಒಳಗೆ ಹೋದರೆ ರೀಫಿಲ್ಲು ಮತ್ತೆ ಒಳಸೇರುವುದಿಲ್ಲ, ಅಂಗಿಯ ಜೇಬಿಗೆ ಶಾಯಿ. ಅಷ್ಟು ಬಿಟ್ಟರೆ ಜೋಡಣೆಯಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಒಪ್ಪುತ್ತೇನೆ.

ಕಿಟ್ಟೇ ಇಲ್ಲದೆ ಮಾಡುವವರೂ ಇದ್ದಾರೆ. ರಾಜಮಂಡ್ರಿಯ ರತ್ನಂ ಪೆನ್ನಿನವರು ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸಲಾಕೆಯಲ್ಲಿ ಮೈ, ಮುಚ್ಚಳ, ತಿರುಪಿನ ಗೆರೆ ಎಲ್ಲ ಕಡೆಯುತ್ತಾರೆ. ಆ ಪೆನ್ನಿಗಾಗಿ ಗಾಂಧೀಜಿ 1935ರಲ್ಲಿ ಮೆಚ್ಚುಗೆಯ ಪತ್ರ ಬರೆದಿದ್ದರು. ರತ್ನಂ ಪೆನ್ನಿನವರ ಮುಂದೆ ನಿಂತು ‘ಪೆನ್ನು ಮಾಡ್ತೀನಿ’ ಎನ್ನಲು ನನಗೆ ಬಾಯಿ ಬಾರದು.

ಕಿಟ್ಟಿನ ಆ ಪ್ರಶ್ನೆಯನ್ನು ಅತಿ ಹೆಚ್ಚು ಸಲ ಕೇಳಿದ್ದು ನನ್ನ ಸಹೋದ್ಯೋಗಿ. ಕಳೆದ ತಿಂಗಳ ಒಂದು ಭಾನುವಾರ ಅವರನ್ನೇ ಗ್ಯಾರೇಜಿಗೆ ಕರೆದೆ. ಬೆಳಿಗ್ಗೆ ಒಂಬತ್ತಕ್ಕೆ ಲೇಥ್ ಮುಂದೆ ನಿಂತವರು ಮಧ್ಯಾಹ್ನ ಎರಡಕ್ಕೆ ಊಟಕ್ಕೆದ್ದರು, ತಲೆತುಂಬ ಹಲಸಿನ ಹಳದಿ ಹೊಟ್ಟು. ಸಂಜೆ ಪೆನ್ನು ಮುಗಿಯಿತು. ಉಗುರು ಎಳೆದು ನೋಡಿ ಎಂದೆ. ಎಳೆದರು. ನಡುವಿನ ಲೋಹದ ಬಳೆಯ ಹತ್ತಿರ ತಡೆಯಿತು. ಇನ್ನೊಮ್ಮೆ ಎಳೆದು, ಬೆಳಕಿಗೆ ಹಿಡಿದು ನೋಡಿ, ಗಂಭೀರವಾಗಿ ಹೇಳಿದರು:

‘ಈ ಕಿಟ್ಟೇ ಸರಿಯಿಲ್ಲ ಕಣ್ರೀ.’