ಎರಡು ಭಾಷೆ ಸಾಕು

ಕಾಸರಗೋಡಿನ ಬದಿಯಡ್ಕದಲ್ಲಿ ಬಸ್ಸಿಳಿದಾಗ ಸಂಜೆಯಾಗಿದ್ದರೂ ಮಾರ್ಚ್ ತಿಂಗಳ ಬಿಸಿಲು ಸುಡುತ್ತಿತ್ತು. ಹಿಂದೆ ನನ್ನ ಜೊತೆ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯ ಮನೆಗೆ ಹೊರಟಿದ್ದೆ. ಅವಳದ್ದು ಬಹಾಯಿ ಧರ್ಮದ ಕುಟುಂಬ. ಅವರ 19 ದಿನದ ಉಪವಾಸದ ಕೊನೆಯ ದಿನ ಅದು. ಸೂರ್ಯ ಹುಟ್ಟಿದಲ್ಲಿಂದ ಮುಳುಗುವವರೆಗೆ ಹನಿ ನೀರೂ ಇಲ್ಲ. ಬಹಾಯಿಗಳಿಗೆ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಉಪವಾಸ ಮುಗಿಯುವ ಹೊತ್ತಿಗೇ ಅವರ ಹೊಸ ವರ್ಷ ನೌರೂಜ್ ಬಂದುಬಿಡುತ್ತದೆ. ನಮ್ಮ ಹೊಸ ವರ್ಷ ಬಿಸುವಿಗೆ ಇನ್ನೂ ಮೂರು ವಾರಕ್ಕಿಂತ ಜಾಸ್ತಿ ಇತ್ತು.

ಜಗಲಿಯಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಪ್ರಾರ್ಥನೆ ನಡೆಸುವವರು ಯಾರು ಅಂತ ನೋಡಿದೆ. ಅಂಥವರೇ ಇಲ್ಲ. ಈ ಧರ್ಮದಲ್ಲಿ ಪುರೋಹಿತರಿಲ್ಲ. ಗೆಳತಿಯ ಅತ್ತೆ ಮಲಯಾಳದಲ್ಲಿ ಓದಿದರು. ಆಮೇಲೆ ಗೆಳತಿಯ ಏಳನೇ ಕ್ಲಾಸಿನ ಮಗಳು ಕನ್ನಡದಲ್ಲಿ ಓದಿದಳು. ಅವಳು ಕಲಿಯುವುದು ಮಲಯಾಳ ಮಾಧ್ಯಮದಲ್ಲಿ. ಒತ್ತಕ್ಷರ ಬಂದಲ್ಲೆಲ್ಲ ಸ್ವಲ್ಪ ನಿಂತು, ಬೆರಳಿಟ್ಟು ಮುಂದೆ ಹೋದಳು. ನನಗೆ ಗಂಟಲು ಕಟ್ಟಿತು.

ಪುನರ್ಪುಳಿ ಶರಬತ್ತು, ಅವಲಕ್ಕಿ ಬಂತು. ಗೆಳತಿ ತಮ್ಮ ಧರ್ಮದ ಬಗ್ಗೆ ಹೇಳಿದಳು. ಮನುಷ್ಯರೆಲ್ಲ ಒಂದೇ, ಎಲ್ಲ ಧರ್ಮಗಳೂ ಒಬ್ಬನೇ ದೇವರಿಂದ ಬಂದವು ಅನ್ನುವುದು ನನಗೆ ಸುಲಭವಾಗಿ ಹಿಡಿಸಿತು. ಹೆಣ್ಣು ಗಂಡು ಸಮಾನರು, ಇಬ್ಬರನ್ನೂ ಓದಿಸಲು ಆಗದಿದ್ದರೆ ಮೊದಲು ಮಗಳನ್ನು ಓದಿಸಿ ಅನ್ನುವುದಂತೂ ಟೀಚರಾದ ನನಗೆ ತುಂಬಾ ದೊಡ್ಡ ಮಾತು. ಆದರೆ ಲೋಕಕ್ಕೆಲ್ಲ ಒಂದು ಸಾಮಾನ್ಯ ಭಾಷೆ ಬೇಕು ಅಂದಾಗ ಸುಮ್ನೆ ಕೂರಲು ಆಗಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವು ನನ್ನ ಅಪ್ಪನ ಮಾತಿನಲ್ಲಿ ಕೊನೆಯವರೆಗೂ ಇತ್ತು. ಮಲಯಾಳದ ಅರ್ಜಿ ತುಂಬಲಾಗದೆ ನಾನೇ ಒಂದು ಕಚೇರಿಯಿಂದ ಎರಡು ಸಲ ವಾಪಸ್ ಬಂದಿದ್ದೇನೆ.

"ಹಾಗಾದ್ರೆ ನಮ್ಮ ಕನ್ನಡದ ಗತಿ ಎಂತ?" ಅಂದೆ.

ಗೆಳತಿ ಹೇಳಿದಳು, "ಕನ್ನಡ ಬಿಡಿ ಅಂತ ಯಾರು ಹೇಳಿದ್ದು ಟೀಚರೇ? ಎರಡು ಭಾಷೆ ಸಾಕು ಅಂತ ಹೇಳುವುದು. ಒಂದು ಮನೆಯದ್ದು, ಒಂದು ಎಲ್ಲರದ್ದು. ಆ ಎರಡನೆಯದನ್ನು ಎಲ್ಲ ದೇಶಗಳೂ ಕೂತು ಒಪ್ಪಿ ಆರಿಸಬೇಕು. ಶಾಲೆಯಲ್ಲಿ ತಾಯಿಭಾಷೆಯ ಜೊತೆ ಕಲಿಸಬೇಕು."

ಮೊದಲು ಇದನ್ನು ಹೇಳಿದ, ಬಹಾಯಿ ಧರ್ಮ ಸ್ಥಾಪಿಸಿದ ಬಹಾವುಲ್ಲಾ 1817ರಲ್ಲಿ ಟೆಹರಾನಿನಲ್ಲಿ ಹುಟ್ಟಿದವರು. ನಂಬಿಕೆಗಾಗಿ ಗಡೀಪಾರಾಗಿ ಊರೂರು ದಾಟಿ, 1868ರಲ್ಲಿ ಈಗಿನ ಇಸ್ರೇಲಿನಲ್ಲಿರುವ ಆಕ್ಕಾದ ಸೆರೆ ಸೇರಿದರು. ಪಾರಸಿ, ಅರಬಿ ಎರಡರಲ್ಲೂ ಬರೆದರು. ಊರು ಬಿಡಿಸಿಕೊಂಡವರ ಬಾಯಿಂದ ಬಂದ ಮಾತು ಅಂತ ತಿಳಿದ ಮೇಲೆ ನನಗೆ ಅದು ಬೇರೆ ಥರ ಕೇಳಿಸಿತು. ಆದರೂ ಭಯ ಪೂರ್ತಿ ಹೋಗಿಲ್ಲ. ಒಪ್ಪಿ ಆರಿಸುವಾಗ ಸಣ್ಣ ಭಾಷೆಯವರ ದನಿ ಕೇಳಿಸಬೇಕಲ್ವಾ? ಅದನ್ನೂ ಹೇಳಿದೆ. ಗೆಳತಿ ವಾದ ಮಾಡಲಿಲ್ಲ. "ಅದು ಹೌದು" ಅಂದಳು.

ಮಕ್ಕಳ ತರಗತಿಯೂ ಅವರ ಮನೆಯಲ್ಲೇ ನಡೆಯುತ್ತದೆ. ಹೊರಡುವಾಗ ಅದಕ್ಕೆ ಅಂತ 500 ರೂಪಾಯಿ ಕೊಡಲು ಹೋದೆ. ಬಹಾಯಿ ನಿಧಿಗೆ ಬಹಾಯಿಗಳು ಮಾತ್ರ ಕೊಡಬಹುದಂತೆ. ನೋಟು ವಾಪಸ್ ಕೈಗಿಟ್ಟಳು. ಅದರ ಬದಲು ಮಗಳು ಓದಿದ ಕನ್ನಡ ಪ್ರಾರ್ಥನೆಯ ಹಾಳೆ ಕೊಟ್ಟಳು. ಮಗಳಿಗಾಗಿ ಅವಳೇ ಕೈಯಲ್ಲಿ ಬರೆದದ್ದು.

"ತಪ್ಪು ಉಂಟಾ ನೋಡಿ ಟೀಚರೇ."

ರಾತ್ರಿ ಕೂತು ನೋಡಿದೆ. ಎರಡು ಕಡೆ ಮಹಾಪ್ರಾಣ ಬಿಟ್ಟುಹೋಗಿತ್ತು. ತಿದ್ದಿದೆ. ಒತ್ತಕ್ಷರಗಳು ಮಗುವಿಗೆ ಕಾಣಲಿ ಅಂತ ಇಡೀ ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಇನ್ನೊಮ್ಮೆ ಬರೆದಿಟ್ಟೆ.